ನಾಲ್ಕು ಡಿಗ್ರಿಯಲ್ಲಿ ಹದಿನೆಂಟು ತಿಂಗಳು

ಊದಿನಕಡ್ಡಿ ಬೇಡ ಎಂದು ಮೂರು ದಿನದಿಂದ ಹೇಳುತ್ತ ಬಂದಿದ್ದೆ. ಸೆಂಟು ಹಾಕಿಕೊಳ್ಳಬೇಡಿ, ಗುಟ್ಕಾ ಜಗಿಯುತ್ತ ಬರಬೇಡಿ, ಖಾರದ್ದೇನೂ ತಿನ್ನಬೇಡಿ ಎಂದೂ ಹೇಳಿದ್ದೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹಾವೇರಿಯಿಂದ ರಾಣೆಬೆನ್ನೂರಿಗೆ ಬಂದು, ಹಲಗೇರಿ ರಸ್ತೆಯಲ್ಲಿರುವ ನಮ್ಮ ವೈನರಿಯ ಬಾಗಿಲು ತೆಗೆದರೆ ಒಳಗೆಲ್ಲ ಹೊಗೆ. ಮೇಜಿನ ಮೇಲಿನ ಬಾಟಲಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದ್ದರು. ಅದರ ಮುಂದೆ ಐದು ಊದಿನಕಡ್ಡಿ ಉರಿಯುತ್ತಿದ್ದವು.

“ಪೂಜಾ ಮಾಡ್ಲಾರದ ಹೆಂಗ ತೆಗೀಲಿಕ್ಕೆ ಬರ್ತದ್ರಿ ವೈನಿ? ಮೊದಲನೇ ಮಾಲು” ಎಂದ ನನ್ನ ಮೈದುನ ಪ್ರವೀಣಕುಮಾರ. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ.

“ನಾ ವಾಸನಿ ನೋಡಬೇಕೋ ಪ್ರವೀಣ. ಈಗ ಇಲ್ಲಿ ಮಠದ ವಾಸನಿ ಬಿಟ್ರ ಬ್ಯಾರೆ ಏನೂ ಬರಂಗಿಲ್ಲ.”

“ಚಲೋ ವಾಸನಿನ ಅಲ್ಲೇನ ತಂಗಿ ಅದು?” ಎಂದರು ಮಾಲತೇಶಪ್ಪ. ಇವರು ವೈನರಿಯ ಪಾಲುದಾರರು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಅವರ ಕೈಯಲ್ಲಿ ನಮ್ಮ ಮನೆಯ ಸ್ಟೀಲ್ ಡಬ್ಬಿಯಿತ್ತು. ನಮ್ಮ ಅತ್ತೆ ಸುಶೀಲವ್ವ ಬಿಸಿ ಮಿರ್ಚಿ ಬಜ್ಜಿ ಕರಿದು ನನ್ನ ಗಂಡನ ಕೈಯಲ್ಲಿ ಕಳಿಸಿದ್ದರು. ಗಂಡ ವಿಜಯಮಹಾಂತೇಶ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ನನಗೆ ಕಾಣದಂತೆ ಇಟ್ಟುಕೊಂಡು ಬಂದಿದ್ದರು.

ಕಿಟಕಿಗಳನ್ನೆಲ್ಲ ತೆಗೆದೆ. ಊದಿನಕಡ್ಡಿಗಳನ್ನು ಹೊರಗೆ ನೆಲದಲ್ಲಿ ಚುಚ್ಚಿ ಬಂದೆ. ಫ್ಯಾನು ಹಾಕಿ ಒಂದು ತಾಸು ಸುಮ್ಮನೆ ಕೂತೆವು. ಆ ಒಂದು ತಾಸಿನಲ್ಲಿ ಮಾಲತೇಶಪ್ಪ ಏಳು ಮಿರ್ಚಿ ತಿಂದರು.

ನಮ್ಮದು ಬೀಜದ ಮನೆತನ. ಪ್ರವೀಣ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿ ನಡೆಸುತ್ತಾನೆ, ನನ್ನ ಗಂಡ ಹಾವೇರಿಯಲ್ಲಿ ಗೊಬ್ಬರದ ಅಂಗಡಿ ನೋಡುತ್ತಾರೆ. ಐದು ವರ್ಷದ ಹಿಂದೆ ಪ್ರವೀಣನಿಗೆ ವೈನಿನ ಹುಚ್ಚು ಹತ್ತಿತು. ನಾನು ಆಗ ಬ್ಯಾಡಗಿಯಲ್ಲಿ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ಹತ್ತೊಂಬತ್ತು ವರ್ಷ ಅಲ್ಲಿ ಮೂಗು ಸವೆಸಿದವಳು. “ಮನ್ಯಾಗ ಇಂಥಾ ಮೂಗು ಇಟ್ಕೊಂಡು ಹೊರಗಿನವರಿಗೆ ಯಾಕ ಪಗಾರ ಕೊಡಬೇಕು” ಎಂದು ನನ್ನನ್ನು ನಾಸಿಕಕ್ಕೆ ಕಳಿಸಿ ವೈನಿನ ಕೋರ್ಸು ಮಾಡಿಸಿದ. ಬಂದ ಮೇಲೆ ವೈನು ಹೇಗಾಗಬೇಕು, ಯಾವಾಗ ಹೊರಗೆ ಹೋಗಬೇಕು ಎಂದು ನೋಡುವುದು ನನ್ನ ಕೆಲಸವಾಯಿತು. ಕಾಗದದ ಮೇಲೆ ರುಜು ನನ್ನದು.

ಮನೆಯಲ್ಲಿ ಮಾತ್ರ ಬೇರೆ ಕಥೆ. ಬೀಗರು ಬಂದಾಗ ಅತ್ತೆ ಹೇಳುವುದು, “ನಮ್ಮ ಶೈಲಶ್ರೀ ಬರೇ ವಾಸನಿ ನೋಡ್ತಾಳ್ರಿ, ಬಾಯಿಗೆ ಹಚ್ಚಂಗಿಲ್ಲ.” ಬಾಯಿಗೆ ಹಚ್ಚದೆ ವೈನು ನೋಡುವುದು ಉಪ್ಪು ಹಾಕಿದ್ದೇವೋ ಇಲ್ಲವೋ ಎಂದು ಸಾರನ್ನು ದೂರದಿಂದ ನೋಡಿದ ಹಾಗೆ. ನಾನು ಬಾಯಿಗೆ ಹಾಕಿಕೊಂಡು, ನಾಲಿಗೆಯ ತುಂಬ ಆಡಿಸಿ, ಬಕೆಟ್ಟಿಗೆ ಉಗುಳುತ್ತೇನೆ. ಮೊದಲ ಸಲ ಉಗುಳಿದ ದಿನ ಕೊರಳಲ್ಲಿನ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡಿದ್ದೆ. ಈಗ ಮುಚ್ಚಿಕೊಳ್ಳುವುದಿಲ್ಲ. ಆದರೆ ಹೊರಗೆ ಯಾರಾದರೂ ಕೇಳಿದರೆ ನನ್ನ ಗಂಡ ಇಂದಿಗೂ ಹೇಳುವುದು, “ಅಕೀದು ಬರೇ ಲ್ಯಾಬಿಂದು ಕೆಲಸ.”

ಆ ದಿನ ಮೇಜಿನ ಮೇಲಿದ್ದದ್ದು ನಮ್ಮ ಮೊದಲ ಸ್ಪಾರ್ಕ್ಲಿಂಗ್ ವೈನು. ಒಟ್ಟು ಮಾಡಿದ್ದು ಸಾವಿರದ ಇನ್ನೂರು ಬಾಟಲಿ. ಕೊಪ್ಪಳದ ಕಡೆಯಿಂದ ತರಿಸಿದ ದ್ರಾಕ್ಷಿಯಲ್ಲಿ ಅತ್ಯುತ್ತಮವಾದದ್ದನ್ನು ಆರಿಸಿ, ಮೊದಲು ಹಿಂಡಿದ ರಸವನ್ನಷ್ಟೇ ಇದಕ್ಕೆ ಇಟ್ಟಿದ್ದೆ. ಕಂಪನಿಗೆ ಹೆಸರು ತರಬೇಕಾದ ಬಾಟಲಿ ಇದು. ಇದರ ಗುಳ್ಳೆ ಸೋಡಾದ ಗುಳ್ಳೆಯಲ್ಲ. ಬಾಟಲಿಯೊಳಗೇ ಎರಡನೇ ಸಲ ಹುಳಿಯೆಬ್ಬಿಸಿ ಬರಿಸಿದ್ದು. ಕೆಲಸ ಮುಗಿದ ಮೇಲೆ ಯೀಸ್ಟು ಸತ್ತು ಬಾಟಲಿಯ ಹೊಟ್ಟೆಯಲ್ಲಿ ಗಸಿಯಾಗಿ ಮಲಗುತ್ತದೆ. ಆ ಗಸಿಯ ಮೇಲೆ ವೈನು ತಂಪಾಗಿ, ಅಲುಗದೆ, ಎಷ್ಟು ದಿನ ಮಲಗಿದರೆ ಅಷ್ಟು ರುಚಿ. ಗಸಿ ತೆಗೆದು ಬಿರಡೆ ಹಾಕಿದೆವೆಂದರೆ ಮುಗಿಯಿತು. ಆಮೇಲೆ ಅದಕ್ಕೆ ಬೆಳೆಯಲಿಕ್ಕೆ ಏನೂ ಉಳಿಯುವುದಿಲ್ಲ. ಮುಂದಿನ ವಾರ ಸಾವಿರದ ಇನ್ನೂರರಿಂದಲೂ ಗಸಿ ತೆಗೆಯಬೇಕೆಂದು ಪ್ರವೀಣ ಕೂತಿದ್ದ. ಶುಕ್ರವಾರ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನವರು ಬರುವವರಿದ್ದರು.

“ಯಾರೂ ಮಾತಾಡಬ್ಯಾಡ್ರಿ. ಕುಡೀರಿ, ಚೀಟಿ ಮ್ಯಾಲ ಬರೀರಿ, ಡಬ್ಬ್ಯಾಗ ಹಾಕ್ರಿ” ಎಂದೆ. ಇದು ಬ್ಯಾಡಗಿ ಮಾರ್ಕೆಟ್ಟಿನ ಪದ್ಧತಿ. ದಲಾಲಿಯಾಗಿದ್ದ ನನ್ನ ಅಪ್ಪ ಪ್ರಭುಲಿಂಗಪ್ಪ ಮೆಣಸಿನಕಾಯಿಯನ್ನು ಮುರಿದು ಮೂಸಿ, ಒಂದು ಮಾತೂ ಆಡದೆ ಚೀಟಿಯ ಮೇಲೆ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಬಾಯಿ ಬಿಟ್ಟರೆ ಪಕ್ಕದವನ ಮೂಗೂ ಕೆಡುತ್ತದೆ.

“ಗೋಲಿಸೋಡಾ ಇದ್ದಂಗ ಐತಲ್ಲೋ!” ಎಂದು ಮಾಲತೇಶಪ್ಪ ಕೂಗಿದರು.

“ಮಾತಾಡಬ್ಯಾಡ್ರಿ ಅಂದೆ.”

“ನಾ ಎಲ್ಲಿ ಮಾತಾಡಿದೆ? ಹೊಗಳಿದೆ.”

ನಾನು ಗ್ಲಾಸು ಎತ್ತಿದೆ. ಗುಳ್ಳೆ ಸಣ್ಣಗೆ, ಸಾಲುಗಟ್ಟಿ, ನಿಲ್ಲದೆ ಏಳುತ್ತಿದ್ದವು. ಅದಕ್ಕೆ ಪೂರ್ಣ ಅಂಕ. ಮೂಸಿದೆ. ನಿಂಬೆ ಸಿಪ್ಪೆ, ಹಸಿರು ಸೇಬು, ಹುಣಸೆ ಚಿಗುರು. ಬಾಯಲ್ಲಿ ಹುಳಿ ನೆಟ್ಟಗೆ ನಿಂತಿತು, ಎಳೆತನದ ಚೂಪು. ಎಲುಬು ಗಟ್ಟಿಯಿತ್ತು, ಆ ಬಗ್ಗೆ ಅನುಮಾನವಿಲ್ಲ. ಆದರೆ ನಾನು ಹುಡುಕುತ್ತಿದ್ದದ್ದು ಬೇರೆ. ಹದಿನೆಂಟು ತಿಂಗಳು ಗಸಿಯ ಮೇಲೆ ಮಲಗಿದ ವೈನಿನಲ್ಲಿ ಹಂಚಿನ ಮೇಲೆ ರೊಟ್ಟಿ ಉಬ್ಬುವಾಗ ಏಳುವಂಥ ವಾಸನೆ, ಹುರಿದ ಶೇಂಗಾದ ವಾಸನೆ ಸಣ್ಣಗಾದರೂ ಶುರುವಾಗಿರಬೇಕು. ಇದರಲ್ಲಿದ್ದದ್ದು ನಾದಿಟ್ಟ ಹಸಿ ಹಿಟ್ಟಿನ ವಾಸನೆ. ಮತ್ತೊಂದು ಗ್ಲಾಸು ಹಾಕಿಕೊಂಡೆ. ಇನ್ನೊಂದು ಬಾಟಲಿ ತೆಗೆಸಿದೆ. ಅದೇ ಹಸಿ ಹಿಟ್ಟು. ಈ ವೈನಿಗೆ ಅದರ ವಯಸ್ಸಾಗಿರಲಿಲ್ಲ.

ಚೀಟಿ ಬಿಚ್ಚಿದೆ. ಮಾಲತೇಶಪ್ಪನವರದು, “ಚಲೋ ಐತಿ. ಇನ್ನೊಂದೀಟು ಸಿಹಿ ಬೇಕು.” ಪ್ರವೀಣನದು, “ಎ ಪ್ಲಸ್.” ಮೂರನೆಯದನ್ನು ಓದಿ ನನ್ನ ಗಂಡನ ಮುಖ ನೋಡಿದೆ. ಹೆಸರು ಬರೆಯಬೇಡಿ, ನಿಮಗೆ ಅನಿಸಿದ್ದು ಬರೆಯಿರಿ ಎಂದು ಕೊಟ್ಟ ಚೀಟಿಯ ಮೇಲೆ ಅವರು ದುಂಡಗೆ ಬರೆದಿದ್ದರು, “ಪ್ರವೀಣ ಹೇಳಿದಂಗ.”

“ಇದು ತಯಾರಾಗಿಲ್ಲ” ಎಂದೆ. “ಇನ್ನೂ ವರ್ಷ, ಒಂದೂವರೆ ವರ್ಷ ಮಲಗಬೇಕು.”

“ಹದಿನೆಂಟು ತಿಂಗಳು ಮಲಗೇತ್ರಿ ವೈನಿ! ನೀವ ಹೇಳಿದ್ರಿ ಹದಿನೆಂಟು ಅಂತ.”

“ಕ್ಯಾಲೆಂಡರಿನ್ಯಾಗ ಮಲಗೇತಿ. ಬಾಟಲಿಯೊಳಗ ಮಲಗಿಲ್ಲ.”

ಪ್ರವೀಣ ನಗುತ್ತ ಅಣ್ಣನನ್ನು ನೋಡಿದ. “ವೈನಿ ನಾಲಿಗಿ ಬ್ಯಾಡಗಿ ಖಾರ ತಿಂದು ತಿಂದು ಮರಗಟ್ಟೇತಿ ನೋಡೋ ಅಣ್ಣಾ.” ನನ್ನ ಗಂಡ ನಗಲೂ ಇಲ್ಲ, ನಗಬೇಡ ಎನ್ನಲೂ ಇಲ್ಲ. ಬಕೆಟ್ಟಿನ ಕಡೆ ನೋಡುತ್ತ ಕೂತರು.

“ರುಜು ಮಾಡಿ ಇಡ್ರಿ. ಶುಕ್ರವಾರ ನೀವು ಒಳಗ ಲ್ಯಾಬಿನ್ಯಾಗ ಇದ್ರೂ ನಡೀತದ. ಅಣ್ಣ ಮಾತಾಡ್ತಾನ. ಏನ್ ಹೇಳಬೇಕು ಅನ್ನೋದು ಅವಂಗ ಕಲಸ್ರಿ” ಎಂದು ಪ್ರವೀಣ ಎದ್ದು ಹೋದ.

ಸಿಟ್ಟಿನಲ್ಲಿ ನಾನು ತಪ್ಪು ಮಾಡುತ್ತಿರಬಹುದೇ ಎಂದು ಆ ರಾತ್ರಿಯೆಲ್ಲ ನನ್ನನ್ನೇ ಕೇಳಿಕೊಂಡೆ. ನಮ್ಮಂಥವರ ಹಣೆಬರಹ ಇದು. ಗಂಡಸು ಒಂದು ಸಲ ನಕ್ಕರೆ ಹತ್ತೊಂಬತ್ತು ವರ್ಷದ ಮೂಗಿನ ಮೇಲೆ ನಮಗೇ ಅನುಮಾನ ಬರುತ್ತದೆ. ನಾಲಿಗೆ ಸರಿಯಿದ್ದರೆ ತಪ್ಪು ಇನ್ನೆಲ್ಲೋ ಆಗಿರಬೇಕು. ಬಾಟಲಿಗಳು ಮಲಗಿದ್ದ ಜಾಗವನ್ನು ನೋಡದೆ ವಿಧಿಯಿರಲಿಲ್ಲ.

ರಾಣೆಬೆನ್ನೂರಿನ ಬಿಸಿಲಿಗೆ ವೈನರಿಯಲ್ಲಿ ಅಷ್ಟು ಬಾಟಲಿಯನ್ನು ತಂಪಾಗಿ ಇಡಲು ಜಾಗವಿರಲಿಲ್ಲ. ಗುಳ್ಳೆ ಬಂದ ಮೇಲೆ ಅವನ್ನೆಲ್ಲ ಬ್ಯಾಡಗಿಗೆ ಸಾಗಿಸಿ, ಮಾಲತೇಶಪ್ಪನವರ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಒಂದು ಬೇರೆ ಕೋಣೆ ಹಿಡಿದು ಮಲಗಿಸಿದ್ದೆವು. ಹನ್ನೆರಡು ಡಿಗ್ರಿ ಇರಬೇಕು ಎಂದು ಅಲ್ಲಿನ ಉಸ್ತುವಾರಿ ಮಲ್ಲಿಕಸಾಬನಿಗೆ ನಾನೇ ಖುದ್ದಾಗಿ ಹೇಳಿ, ಎರಡು ದಿನ ನಿಂತು ನೋಡಿ ಬಂದಿದ್ದೆ. ಆಮೇಲೆ ಅತ್ತೆಗೆ ಎರಡೂ ಮೊಣಕಾಲಿನ ಆಪರೇಷನ್ನಾಯಿತು, ನಾನು ಹೋಗಲಿಲ್ಲ. ಪ್ರತಿ ತಿಂಗಳು ಫೋನು ಮಾಡುತ್ತಿದ್ದೆ. “ಎಲ್ಲಾ ಹೇಳಿದಂಗ ಐತ್ರಿ ಅಕ್ಕಾರ” ಎನ್ನುತ್ತಿದ್ದ.

ಬುಧವಾರ ಬೆಳಿಗ್ಗೆ ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಆ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಹಲ್ಲು ಕಟಕಟ ಎಂದವು. ಗೋಡೆಯ ಮೇಲಿನ ಮೀಟರಿನಲ್ಲಿ ನಾಲ್ಕು ಡಿಗ್ರಿ.

“ಹನ್ನೆರಡು ಅಂದಿದ್ದೆನಲ್ಲೋ ಮಲ್ಲಿಕಸಾಬ!”

“ನೀವು ಹನ್ನೆರಡು ಅಂದಿದ್ರಿ, ಖರೇ. ಆಮ್ಯಾಲ ಸಾವ್ಕಾರ್ರು ಬಂದಿದ್ರಲ್ರಿ, ನಿಮ್ಮ ಯಜಮಾನ್ರು.” ಅವನು ರಜಿಸ್ಟರು ತಂದು ತೋರಿಸಿದ. ಮೊದಲ ಇಪ್ಪತ್ತು ದಿನ ಹನ್ನೆರಡು, ಅಲ್ಲಿಂದ ಮುಂದೆ ಪುಟಪುಟಕ್ಕೂ ನಾಲ್ಕು, ನಾಲ್ಕು, ನಾಲ್ಕು. ಚಂದದ ಅಕ್ಷರ. ಒಂದು ದಿನವೂ ತಪ್ಪಿಸಿರಲಿಲ್ಲ. “ಬೀಜದ ಮೆಣಸಿನಕಾಯಿ ನೋಡಾಕ ಬಂದಾವ್ರು ಈ ಖೋಲಿಯೊಳಗ ಇಣುಕಿ, ‘ಏನಪಾ, ಇದೇನು ಮನ್ಯಾಗ ಕುಂತಂಗ ಅನಸ್ತದ, ಇಳಸು, ತಣ್ಣಗಿದ್ದಷ್ಟೂ ಮಾಲು ಚಲೋ’ ಅಂದ್ರು. ಮೆಣಸಿನಕಾಯಿಗೆ ಹಂಗ ಅಲ್ರಿ? ನಾ ಅಂದೆ, ‘ಅಕ್ಕಾರು ಹನ್ನೆರಡು ಅಂದಾರ್ರಿ, ಒಂದ್ ಮಾತು ಕೇಳ್ಲೇನು’ ಅಂತ.”

“ಅದಕ್ಕ ಏನಂದ್ರು?”

ಮಲ್ಲಿಕಸಾಬ ಟೋಪಿ ಸರಿಮಾಡಿಕೊಂಡ. “ಹಮಾಲರು ನಾಕ್ ಮಂದಿ ನಿಂತಿದ್ರು ನೋಡ್ರಿ. ‘ಅಕೀನ್ನೇನ್ ಕೇಳ್ತಿ, ನಾ ಹೇಳಾಕತ್ತೇನಲ್ಲ’ ಅಂದ್ರು.”

ಬಾಟಲಿಗಳ ಸಾಲಿನ ನಡುವೆ ನಿಂತೆ. ಕೆಟ್ಟಿರಲಿಲ್ಲ ಪಾಪ. ಆ ಚಳಿಯಲ್ಲಿ ಗಸಿ ಕಲ್ಲಿನಂತೆ ಬಿದ್ದುಕೊಂಡಿತ್ತು, ವೈನಿಗೆ ಅದರಿಂದ ಏನೂ ಇಳಿದಿರಲಿಲ್ಲ, ಅಷ್ಟೇ. ಅಂದರೆ ನನ್ನ ನಾಲಿಗೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸಂತೋಷ ಆಗಬೇಕಿತ್ತು. ಆಗಲಿಲ್ಲ. ‘ಎಲ್ಲಾ ಹೇಳಿದಂಗ ಐತಿ’ ಎಂದು ಅವನು ಪ್ರತಿ ತಿಂಗಳು ಹೇಳಿದಾಗ, ಯಾರು ಹೇಳಿದ ಹಾಗೆ ಎಂದು ನಾನೂ ಒಂದು ಸಲ ಕೇಳಬಹುದಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಸಂಜೆ ಹಾವೇರಿಯ ಮನೆಯಲ್ಲಿ ಗಂಡ ಅಂಗಡಿಯಿಂದ ಬಂದು ಚಹಾ ಕುಡಿಯುತ್ತಿದ್ದಾಗ ಕೇಳಿದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಅವರೆದುರು ಬೇಡ ಎನ್ನುವ ಹಾಗೆ ಗಂಡ ಕಣ್ಣು ಮಾಡಿದರು. ನಾನು ನಿಲ್ಲಿಸಲಿಲ್ಲ.

“ನಾಕಾದ್ರೇನು, ಹನ್ನೆರಡಾದ್ರೇನು? ಎರಡೂ ತಣ್ಣಗ” ಎಂದರು.

“ನನ್ನನ್ನ ಒಂದ್ ಮಾತು ಕೇಳಿದ್ರ ಏನಾಗ್ತಿತ್ತು?”

“ಮಂದಿ ಮುಂದ ಹೆಂಗ ಶೈಲಾ? ಹೆಂಡ್ತಿನ್ನ ಕೇಳಿ ಹೇಳ್ತೇನಿ ಅನ್ನಬೇಕಿತ್ತೇನು, ಆ ಹಮಾಲರ ಮುಂದ?”

“ಅನ್ನಬೇಕಿತ್ತು.”

“ಏನಾತು, ಏನ್ ಕೆಟ್ಟತು?” ಎಂದು ಅತ್ತೆ ನಡುವೆ ಬಾಯಿ ಹಾಕಿದರು. ಅವರಿಗೆ ವೈನಿನ ಸುದ್ದಿಯೇ ಆಗುವುದಿಲ್ಲ. ಅದನ್ನು ‘ನಿಮ್ಮ ಆ ಔಷಧಿ’ ಎನ್ನುತ್ತಾರೆ. ಒಂದು ಹದಕ್ಕೆ ಬೆಚ್ಚಗೆ ಇಡಬೇಕಾದದ್ದನ್ನು ಇವರು ಅತಿ ತಣ್ಣಗೆ ಇಡಿಸಿದರು, ಅದು ಆಗಬೇಕಾದ್ದು ಆಗದೆ ಹಾಗೇ ಉಳಿಯಿತು ಎಂದು ಹೇಳಿದೆ.

ಅತ್ತೆ ಮಗನನ್ನು ಮೇಲೆ ಕೆಳಗೆ ನೋಡಿದರು. “ಹೆಪ್ಪು ಹಾಕಿದ ಹಾಲು ಫ್ರಿಜ್ಜಿನ್ಯಾಗ ಇಟ್ರ ಮೊಸರಾಗ್ತದೇನೋ, ಮಬ್ಬ? ಐವತ್ತು ವರ್ಷದವ ಆದಿ, ಇಷ್ಟ ತಿಳೀಲಿಲ್ಲ?”

ನಾಸಿಕದಲ್ಲಿ ಆರು ವಾರ ಕಲಿಸಿದ್ದನ್ನು ಅತ್ತೆ ಒಂದು ಉಸಿರಿನಲ್ಲಿ ಹೇಳಿ ಮುಗಿಸಿದರು. ಗಂಡ ಚಹಾದ ಕಪ್ಪು ಹಿಡಿದು ಅಡಿಗೆಮನೆಗೆ ಎದ್ದು ಹೋದರು. ಆ ಕಪ್ಪನ್ನು ತೊಳೆದೂ ಇಟ್ಟರು. ಅದು ಅವರಿಗೆ ಕ್ಷಮೆ ಕೇಳುವ ರೀತಿ. ನನಗೆ ಅಷ್ಟು ಸಾಕಾಗಲಿಲ್ಲ.

ಶುಕ್ರವಾರ ನಾನು ಲ್ಯಾಬಿನಲ್ಲಿ ಕೂಡಲಿಲ್ಲ. ಮೇಜಿನ ತುದಿಯಲ್ಲಿ, ಬಕೆಟ್ಟು ಪಕ್ಕಕ್ಕೆ ಇಟ್ಟುಕೊಂಡು ಕೂತೆ. ಪ್ರವೀಣ ಎರಡು ಸಲ ಕೆಮ್ಮಿದ. ಹೋಟೆಲಿನವರು ಮೃದುವಾಗಿ ಮಾತಾಡುವ, ಕನ್ನಡಕದ ಮನುಷ್ಯ. ಮೂಸಿದರು, ಕುಡಿದರು, ಉಗುಳಿದರು. ಉಗುಳಿದ್ದನ್ನು ನೋಡಿ ಮಾಲತೇಶಪ್ಪನವರಿಗೆ ಹೊಟ್ಟೆ ಉರಿಯಿತು.

“ತುಂಬಾ ಫ್ರೆಶ್ ಆಗಿದೆ. ನಮ್ಮಲ್ಲಿ ಬರೋರಿಗೆ ಇಷ್ಟು ಸಾಕು. ತಗೋಬಹುದು” ಎಂದರು.

ಪ್ರವೀಣನ ಮುಖ ಅರಳಿತು. ಹೋಟೆಲಿನವರು ನನ್ನ ರುಜು ಬೇಕಾದ ಕಾಗದವನ್ನು ಕೈಗೆತ್ತಿಕೊಂಡು ಓದಿದರು. ಅದರಲ್ಲಿ ನಾನು ಹಿಂದಿನ ದಿನವೇ ಬರೆದಿಟ್ಟಿದ್ದೆ: ಗುಳ್ಳೆ ಉತ್ತಮ, ಹುಳಿ ಚೂಪು, ಗಸಿಯ ರುಚಿ ಇಳಿದಿಲ್ಲ, ಈಗ ತೆಗೆಯಬಾರದು, ಹನ್ನೆರಡು ಡಿಗ್ರಿಯಲ್ಲಿ ಇನ್ನೂ ಹದಿನೆಂಟು ತಿಂಗಳು.

“ಮೇಡಂ, ಈಗಲೇ ಚೆನ್ನಾಗಿದೆಯಲ್ಲ?”

“ಚಲೋ ಐತ್ರಿ. ಆದ್ರ ಇದು ಆಗಬೇಕಾದ್ದು ಇದಲ್ಲ. ಇದನ್ನ ಇದರ ಹೆಸರಿನ್ಯಾಗ ಹೊರಗ ಕಳಸಾಕ ನಾ ರುಜು ಮಾಡಂಗಿಲ್ಲ.”

“ವೈನಿ” ಎಂದ ಪ್ರವೀಣ, ಹಲ್ಲು ಕಚ್ಚಿ ನಗುತ್ತ. “ತಗೊಳ್ಳಾವ್ರು ಚಲೋ ಅನ್ನಾಕತ್ತಾರ. ಮಾರಾವ್ರು ನಾವು ಕೆಟ್ಟೈತಿ ಅನ್ನೋದೇನ್ರಿ? ಅಣ್ಣಾ, ನೀನಾರ ಹೇಳೋ ವೈನಿಗೆ.”

ಎಲ್ಲರೂ ನನ್ನ ಗಂಡನ ಕಡೆ ತಿರುಗಿದರು. ಅವರು ಗ್ಲಾಸಿನ ಕಾಲನ್ನು ಎರಡು ಬೆರಳಿನಿಂದ ತಿರುಗಿಸುತ್ತಿದ್ದರು. ‘ಪ್ರವೀಣ ಹೇಳಿದಂಗ’ ಎನ್ನುತ್ತಾರೆ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅಂದಿದ್ದರೆ ಎದ್ದು ಬಸ್ಟ್ಯಾಂಡಿಗೆ ನಡೆಯುವವಳಿದ್ದೆ, ಮತ್ತೆ ಆ ಬಾಗಿಲು ತೆಗೆಯುವವಳಿರಲಿಲ್ಲ.

“ನಾ ಒಂದ್ ಸಲ ಹೇಳೇನಿ” ಎಂದರು, ಗ್ಲಾಸಿನಿಂದ ಕಣ್ಣೆತ್ತದೆ. “ಅದರಿಂದನ ಹಿಂಗಾಗೇತಿ.”

“ಏನ್ ಹೇಳೀದಿ?” ಎಂದ ಪ್ರವೀಣ.

“ಬ್ಯಾಡಗ್ಯಾಗ ನಾಕಕ್ಕ ಇಳಸು ಅಂತ. ಶೈಲಾ ಹನ್ನೆರಡು ಅಂದಿದ್ಲು.”

ಮಾಲತೇಶಪ್ಪ ಮಾತ್ರ, “ನಾಕು ಚಲೋನ ಅಲ್ಲೇನಪಾ ಮತ್ತ?” ಎಂದರು. ಹೋಟೆಲಿನವರು ನಾಲ್ಕು ಡಿಗ್ರಿ ಎಂದು ಕೇಳಿದ್ದೇ ಗ್ಲಾಸನ್ನು ಮತ್ತೆ ಮೂಗಿಗೆ ಹಿಡಿದರು. ಈ ಸಲ ಬಹಳ ಹೊತ್ತು ಹಿಡಿದರು. “ಹಾಗಿದ್ರೆ ಇದು ಇನ್ನೂ ಶುರುವೇ ಆಗಿಲ್ಲ” ಎಂದು ಪೆನ್ನಿನ ಮುಚ್ಚಳ ಹಾಕಿದರು. ಆದ ಮೇಲೆ ತಿಳಿಸಿ, ಬಂದು ನೋಡುತ್ತೇನೆ ಎಂದರು. ಮಾತು ಕೊಡಲಿಲ್ಲ. ಪ್ರವೀಣ ಅವರನ್ನು ಸ್ಟೇಷನ್ನಿಗೆ ಬಿಡಲು ಹೋದವನು ನಮಗೆ ಹೇಳದೆ ಹಾಗೇ ಮನೆಗೆ ಹೋದ. ಗಸಿ ತೆಗೆಯುವವರಿಗೆ ಮುಂದಿನ ವಾರ ಬರಬೇಡಿ ಎಂದು ಫೋನು ಮಾಡಿದ್ದಾನೆಂದು ಮಾತ್ರ ಆಮೇಲೆ ತಿಳಿಯಿತು. ನನ್ನೊಂದಿಗೆ ಅವನು ಇನ್ನೂ ಸರಿಯಾಗಿ ಮಾತಾಡುವುದಿಲ್ಲ.

ಮರುದಿನ ನಾನೂ ಗಂಡನೂ ಬ್ಯಾಡಗಿಗೆ ಹೋದೆವು. ದಾರಿಯುದ್ದಕ್ಕೂ ಅವರು, “ನಾ ಯಾಕ, ನೀನ ಹೇಳಿದ್ರ ಸಾಲದೇನು?” ಎನ್ನುತ್ತಲೇ ಇದ್ದರು. ನಾನು ಹೇಳಿದ್ದು ಒಂದೂವರೆ ವರ್ಷದ ಹಿಂದೆಯೇ ಸಾಲದೆ ಹೋಗಿತ್ತಲ್ಲ.

ಕೋಲ್ಡ್ ಸ್ಟೋರೇಜಿನ ಮಷೀನುಗಳೆಲ್ಲ ಒಟ್ಟಿಗೇ ಗುಡುಗುತ್ತಿದ್ದವು. ಚೀಲ ಹೊತ್ತ ಹಮಾಲರು ಸಾವ್ಕಾರರನ್ನು ಕಂಡು ನಿಂತರು. ಮಲ್ಲಿಕಸಾಬ ನನ್ನೆದುರೇ ಮೀಟರಿನ ಗುಂಡಿಯನ್ನು ಹನ್ನೆರಡಕ್ಕೆ ತಿರುಗಿಸಿ, ನಮ್ಮಿಬ್ಬರ ಮುಖವನ್ನೂ ನೋಡಿ, ಬೇಸತ್ತವನಂತೆ ಕೈ ಮುಗಿದ. “ಒಬ್ರು ಹನ್ನೆರಡು ಅಂತೀರಿ, ಒಬ್ರು ನಾಕು ಅಂತೀರಿ. ನಾಳೆ ಮತ್ತ ಯಾರರ ಫೋನ್ ಮಾಡಿ ಎಂಟು ಅಂದ್ರ ನಾ ಏನ್ ಮಾಡ್ಲಿ, ಹೇಳ್ರಿ?”

ನಾನು ಗಂಡನತ್ತ ತಿರುಗಿದೆ. ಗಂಡ ನನ್ನ ಕಡೆ ನೋಡಿದರು, ಹಮಾಲರ ಕಡೆ ನೋಡಿದರು, ನೆಲ ನೋಡುತ್ತ ಗಂಟಲಲ್ಲೇ ಏನೋ ಅಂದರು.

“ಆಂ?” ಮಲ್ಲಿಕಸಾಬ ಕಿವಿಗೆ ಕೈ ಹಚ್ಚಿದ. “ಕೇಳಸವಲ್ದರಿ, ಮಷೀನ್ ಸಪ್ಪಳ!”

ಗಂಡ ಮತ್ತೊಮ್ಮೆ ಹೇಳಿದರು. ತುಟಿ ಅಲುಗಿದ್ದಷ್ಟೇ ಕಂಡಿತು.

“ಜೋರಾಗಿ ಹೇಳ್ರಿ ಸಾವ್ಕಾರ್ರ!”

“ಅಕೀನ್ನ ಕೇಳು ಅಂದೆ!” ಎಂದು ನನ್ನ ಗಂಡ ಕೂಗಿದರು. “ಯಾರ ಫೋನ್ ಮಾಡ್ಲಿ, ನಾನ ಮಾಡ್ಲಿ, ಅಕೀನ್ನ ಕೇಳು!”

ಒಬ್ಬ ಹಮಾಲ ಹೆಗಲ ಮೇಲಿನ ಚೀಲವನ್ನು ಸರಿಮಾಡಿಕೊಂಡು ಮುಂದೆ ಹೋದ. ಅವನ ಹಿಂದೆ ಉಳಿದವರೂ ಹೋದರು. ಯಾರೂ ನಗಲಿಲ್ಲ, ಅವರಿಗೆ ಅವರ ಕೆಲಸವಿತ್ತು. ಮಲ್ಲಿಕಸಾಬ ರಜಿಸ್ಟರು ಬಿಚ್ಚಿ, ತನ್ನ ಚಂದದ ಅಕ್ಷರದಲ್ಲಿ ಹನ್ನೆರಡು ಎಂದು ಬರೆದ.